ಏನು ಬೇಕೆಂದು ಅವರನ್ನೇ ಕೇಳೋಣ



ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ ಪಿ.ಕೆ.ಟಿ.ಬಿ. ಆಸ್ಪತ್ರೆಯನ್ನು ನಮ್ಮ ಹಿರಿಯರು ಈಗಲೂ ಸ್ಯಾನಿಟೋರಿಯಂ ಎಂದೇ ಕರೆಯುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯಕ್ಕೆ ತುತ್ತಾದರು. ಆ ಸೋದರಿಯ ಹೆಸರಿನಲ್ಲಿ ಮಹಾರಾಜರು ಊರಿನ ಗದ್ದಲದಿಂದ ದೂರ, ಗಾಳಿ ಬೆಳಕು ಧಾರಾಳವಾಗಿದ್ದ ಕಡೆ ಈ ಆಸ್ಪತ್ರೆಯನ್ನು ಕಟ್ಟಿಸಿದರು. ಅದು ಶುರುವಾದದ್ದು 1921ರಲ್ಲಿ. ಆಗ ಕ್ಷಯಕ್ಕೆ ಔಷಧಿಯೇ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ನಮ್ಮ ಕಡೆಗೆ ಬಂದದ್ದು ಇನ್ನೂ ತಡವಾಗಿ. ಅಂದರೆ ಎರಡು ದಶಕಕ್ಕೂ ಹೆಚ್ಚು ಕಾಲ, ವಾಸಿ ಮಾಡುವ ಮದ್ದಿಲ್ಲದ ಒಂದು ಕಾಯಿಲೆಗಾಗಿ ಮೈಸೂರಿನವರು ದೊಡ್ಡ ಆಸ್ಪತ್ರೆಯೊಂದನ್ನು ನಡೆಸಿದರು. ಹಾಲು, ಮೊಟ್ಟೆ, ಬಿಸಿಲು, ವಿಶ್ರಾಂತಿ, ಹತ್ತಿರ ಬಂದು ಮೈ ಒರೆಸುವ ಕೈಗಳು: ಆ ಕಾಲದ ಸ್ಯಾನಿಟೋರಿಯಂಗಳ ಚಿಕಿತ್ಸೆಯೆಂದರೆ ಬಹುಮಟ್ಟಿಗೆ ಇಷ್ಟೇ. ಇದನ್ನು ಯಾರೂ ವ್ಯರ್ಥ ಅನ್ನಲಿಲ್ಲ.

ಈಗ ನಮ್ಮ ಹತ್ತಿರ ನೂರಾರು ಮದ್ದುಗಳಿವೆ, ಯಂತ್ರಗಳಿವೆ. ಹಾಗಿದ್ದೂ ಕಾಯಿಲೆ ಒಂದು ಹಂತ ದಾಟಿದ ಮೇಲೆ "ಇನ್ನು ಮಾಡೋದಕ್ಕೆ ಏನೂ ಉಳಿದಿಲ್ಲ" ಎಂಬ ಮಾತು ಎಷ್ಟು ಸಲೀಸಾಗಿ ಬಂದುಬಿಡುತ್ತದೆ! ನಾನು ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಈಗ ಮೈಸೂರಿನ ಅಗ್ರಹಾರದಲ್ಲಿ, ನಮ್ಮ ಬೀದಿಯ ಸುತ್ತಮುತ್ತ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿಬರುತ್ತೇನೆ. ಆ ಮಾತು ನಿಜವಾದದ್ದನ್ನು ನಾನು ಒಂದು ಮನೆಯಲ್ಲೂ ಕಂಡಿಲ್ಲ. ಕಾಯಿಲೆಗೆ ಮಾಡುವುದು ಮುಗಿದಿರಬಹುದು. ಕಾಯಿಲೆಯವರಿಗೆ ಮಾಡುವುದು ಕೊನೆಯ ಉಸಿರಿನವರೆಗೂ ಇರುತ್ತದೆ.

ಅಗ್ರಹಾರವನ್ನು ಬಲ್ಲವರಿಗೆ ಇಲ್ಲಿನ ಮನೆಗಳೂ ಗೊತ್ತು. ಒಂದಕ್ಕೊಂದು ಗೋಡೆ ಅಂಟಿಕೊಂಡು ಉದ್ದಕ್ಕೆ ಹೋಗುವ ಹಳೆಯ ಮನೆಗಳು, ಕಿರಿದಾದ ಜಗುಲಿ, ನಡುಮನೆ, ಹಿಂದೆ ಬಚ್ಚಲು. ಮಹಡಿಯ ಮೆಟ್ಟಿಲಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಇಳಿಸಬೇಕು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಎಪ್ಪತ್ತೈದು ದಾಟಿದ ಗಂಡನನ್ನು ಎಪ್ಪತ್ತು ದಾಟಿದ ಹೆಂಡತಿ ನೋಡಿಕೊಳ್ಳುತ್ತಾರೆ. ನಡುರಾತ್ರಿ ಉಸಿರು ಕಟ್ಟಿದಾಗ ಪಕ್ಕದ ಮನೆಯ ಹುಡುಗ ಆಂಬುಲೆನ್ಸ್ ಕರೆಯುತ್ತಾನೆ. ಆಸ್ಪತ್ರೆಯ ಬಾಗಿಲಲ್ಲಿ ಯಾರೋ ಒಂದು ಕಾಗದ ಚಾಚಿ, "ವೆಂಟಿಲೇಟರ್ ಹಾಕಬೇಕು, ಸೈನ್ ಮಾಡಿ" ಅನ್ನುತ್ತಾರೆ. ಆ ಹೊತ್ತಿನಲ್ಲಿ ಆ ಹೆಂಗಸು ಏನು ಯೋಚಿಸಬಲ್ಲರು? ಮಗನಿಗೆ ಫೋನ್ ಹೋಗುತ್ತದೆ. ಅವನು ಅಲ್ಲಿಂದ, "ಏನೇನು ಮಾಡೋಕಾಗುತ್ತೋ ಎಲ್ಲಾ ಮಾಡಿ ಡಾಕ್ಟ್ರೇ" ಅನ್ನುತ್ತಾನೆ. ಅವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅಷ್ಟು ದೂರದಲ್ಲಿ ಕೂತವನಿಗೆ ಅಪ್ಪನಿಗಾಗಿ ಮಾಡಲು ಉಳಿದಿರುವುದು ಆ ಒಂದು ಮಾತು ಮಾತ್ರ. ಆದರೆ ಅಪ್ಪನಿಗೆ ಏನು ಬೇಕಿತ್ತು ಎಂಬುದು ಅವನಿಗೂ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲ, ಡಾಕ್ಟರಿಗಂತೂ ಗೊತ್ತಾಗುವ ದಾರಿಯೇ ಇಲ್ಲ. ಯಾರೂ ಕೇಳಿರಲಿಲ್ಲ.

ಯಾಕೆ ಕೇಳುವುದಿಲ್ಲ ಅಂದರೆ, ಕೇಳಬೇಕಾದರೆ ಕಾಯಿಲೆಯ ಹೆಸರನ್ನು ಅವರ ಮುಂದೆ ಹೇಳಬೇಕಾಗುತ್ತದೆ. ನಮ್ಮ ಮನೆಗಳಲ್ಲಿ ರಿಪೋರ್ಟು ಮೊದಲು ಅಳಿಯನ ಕೈಗೆ ಹೋಗುತ್ತದೆ, ಆಮೇಲೆ ಹಿರಿಮಗನಿಗೆ. ಕಾಯಿಲೆ ಯಾರಿಗೆ ಬಂದಿದೆಯೋ ಅವರಿಗೆ ಕೊನೆಗೂ ಹೋಗುವುದಿಲ್ಲ. "ಸಿಸ್ಟರ್, ಅವರಿಗೆ ಗಂಟಲಲ್ಲಿ ಹುಣ್ಣು ಅಂತ ಹೇಳಿದೀವಿ, ನೀವೂ ಹಾಗೇ ಹೇಳಿ" ಎಂದು ಬಾಗಿಲಲ್ಲೇ ತಡೆದು ಹೇಳಿದವರು ಅನೇಕರು. ನಮ್ಮ ಬಡಾವಣೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದರು. ಅನ್ನನಾಳದ ಕ್ಯಾನ್ಸರು. ಮೊಮ್ಮಗನ ಉಪನಯನವನ್ನು ಮಕ್ಕಳು ಮುಂದಕ್ಕೆ ಹಾಕಿದ್ದರು, ತಾತ ಹುಷಾರಾದ ಮೇಲೆ ಮಾಡೋಣ ಎಂದು. ನಾನು ಗಾಯದ ಬಟ್ಟೆ ಬದಲಾಯಿಸುತ್ತಿದ್ದಾಗ ಅವರು ಮೆಲ್ಲಗೆ ಕೇಳಿದರು: "ಏನಮ್ಮಾ, ಮಾಘದವರೆಗೆ ಇರ್ತೀನಾ?" ಕ್ಯಾನ್ಸರ್ ಎಂಬ ಶಬ್ದ ಅವರ ಬಾಯಿಂದ ಬರಲಿಲ್ಲ. ಎಲ್ಲವೂ ಅವರಿಗೆ ತಿಳಿದಿತ್ತು. ಮಗನನ್ನು ಕರೆದು ಎದುರಿಗೆ ಕೂರಿಸಿದೆ. ಮೊದಲು ಅತ್ತರು ಇಬ್ಬರೂ. ಆಮೇಲೆ ಅರ್ಧ ಗಂಟೆಯಲ್ಲಿ ಎಷ್ಟೋ ದಿನದಿಂದ ಬಾಕಿಯಿದ್ದ ಲೆಕ್ಕಗಳೆಲ್ಲ ಹೊರಗೆ ಬಂದವು: ತಂಗಿಗೆ ಕೊಡಬೇಕಾದ ಹಣ, ಬ್ಯಾಂಕಿನ ಲಾಕರು, ಊರಿನ ಜಮೀನಿನ ಪತ್ರ. ಕೊನೆಗೆ ಉಪನಯನ. ಮುಂದಿನ ಕಿಮೋ ತೆಗೆದುಕೊಂಡರೆ ಎರಡು ವಾರ ಏಳಲಾಗುವುದಿಲ್ಲ ಎಂಬುದು ಅವರಿಗೆ ಹಿಂದಿನ ಸಲದ ಅನುಭವ. ಅದನ್ನು ಬಿಟ್ಟು, ಮುಹೂರ್ತವನ್ನು ಹಿಂದಕ್ಕೆ ತಂದು, ಮಣೆಯ ಮೇಲೆ ಕೂತು ಮೊಮ್ಮಗನಿಗೆ ಆಶೀರ್ವಾದ ಮಾಡಬೇಕು ಎಂದರು. ಡಾಕ್ಟರೂ ಒಪ್ಪಿದರು. ಬೇರೊಬ್ಬರು ಅದೇ ಜಾಗದಲ್ಲಿ ಕಿಮೋವನ್ನೇ ಆರಿಸಿಕೊಳ್ಳಬಹುದಿತ್ತು, ಅದೂ ಸರಿಯೇ. ಆರಿಸಿಕೊಂಡವರು ಅವರೇ ಅನ್ನುವುದು ನನಗೆ ಮುಖ್ಯ.

ಹೆಂಗಸರ ವಿಷಯದಲ್ಲಿ ಇದು ಇನ್ನೂ ಕಷ್ಟ. "ನಿಮಗೇನು ಬೇಕಮ್ಮಾ" ಎಂದು ಕೇಳಿದರೆ ನಮ್ಮ ಅಜ್ಜಿಯರು, ಅತ್ತೆಯರು ಕೊಡುವ ಉತ್ತರ ಒಂದೇ: "ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ." ಜೀವಮಾನವಿಡೀ ಅವರು ಬೇರೆಯವರಿಗೆ ಬಡಿಸಿ ಉಳಿದದ್ದನ್ನು ಉಂಡವರು. ಸೊಸೆಗೆ ತೊಂದರೆ, ಮಗನಿಗೆ ಖರ್ಚು, ಅಷ್ಟೇ ಅವರ ತಲೆಯಲ್ಲಿರುತ್ತದೆ. ಆ ಮೊದಲ ಉತ್ತರವನ್ನು ಒಪ್ಪಿಗೆಯೆಂದು ತಿಳಿಯಬೇಡಿ. ಮತ್ತೊಂದು ದಿನ, ಗಂಡುಮಕ್ಕಳು ಹೊರಗೆ ಹೋದ ಹೊತ್ತಿನಲ್ಲಿ, ಕಾಲು ಒತ್ತುತ್ತಾ ಇನ್ನೊಮ್ಮೆ ಕೇಳಿ. ಆಗ ಬೇರೆ ಉತ್ತರ ಬರುತ್ತದೆ. ಖರ್ಚಿಗೆ ಅಂಜಿ ಚಿಕಿತ್ಸೆ ಬೇಡ ಅನ್ನುತ್ತಿದ್ದವರು "ಆಪರೇಷನ್ ಮಾಡಿಸಿಕೊಂಡರೆ ನಡೆಯೋ ಹಾಗಾಗುತ್ತಾ?" ಎಂದು ಆಸೆಯಿಂದ ಕೇಳಿದ್ದನ್ನೂ ನಾನು ಕಂಡಿದ್ದೇನೆ.

ಇನ್ನು ನೋವಿನ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮನೆಯವರ ತೀರ್ಮಾನಗಳು ಎಡವುವುದು ಹೆಚ್ಚಾಗಿ ಇಲ್ಲೇ. ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ಬಹಳ ಒಳ್ಳೆಯ ಮದ್ದು, ಬೆಲೆಯೂ ಕಡಿಮೆ. ಅದರ ಮೂಲವಾದ ಅಫೀಮನ್ನು ಪ್ರಪಂಚಕ್ಕೆ ಕಾನೂನುಬದ್ಧವಾಗಿ ಬೆಳೆದುಕೊಡುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಆದರೆ 1985ರ ಮಾದಕ ವಸ್ತುಗಳ ಕಾಯಿದೆ ಎಷ್ಟು ಬಿಗಿಯಾಗಿತ್ತೆಂದರೆ, ಲೈಸೆನ್ಸಿನ ಗೋಜಿಗೆ ಹೆದರಿ ಬಹುಪಾಲು ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು. ಒಂದು ಪೀಳಿಗೆಯ ವೈದ್ಯರು ಅದನ್ನು ಬಳಸಲು ಕಲಿಯದೆಯೇ ಹೊರಬಂದರು. 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ ದಾರಿ ಸುಗಮವಾಯಿತು. ಜನರ ಮನಸ್ಸಿನ ಭಯ ಮಾತ್ರ ಹೋಗಿಲ್ಲ. "ಚಟ ಆಗಿಬಿಡುತ್ತೆ ಸಿಸ್ಟರ್", "ಮಾರ್ಫಿನ್ ಕೊಟ್ಟರು ಅಂದರೆ ಮುಗೀತು ಅಂತ ಅರ್ಥ ಅಲ್ವಾ?" ಎಂದು ಕೇಳುತ್ತಾರೆ. ಎರಡೂ ತಪ್ಪು ತಿಳಿವಳಿಕೆ. ನೋವಿಗೆ ತಕ್ಕ ಅಳತೆಯಲ್ಲಿ, ವೈದ್ಯರ ನಿಗಾದಲ್ಲಿ ಕೊಟ್ಟರೆ ಚಟವಾಗುವುದು ತೀರಾ ಅಪರೂಪ. ಅದು ಆಯಸ್ಸನ್ನು ಕಡಿಮೆ ಮಾಡುವುದಿಲ್ಲ. ನೋವು ಇಳಿದವರು ನಿದ್ದೆ ಮಾಡುತ್ತಾರೆ, ಎರಡು ತುತ್ತು ಉಣ್ಣುತ್ತಾರೆ. ಸಾಮಾನ್ಯ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ, ಗಡಿಯಾರ ನೋಡಿ ಕೊಡಬೇಕು. ನೋವು ಬರಲಿ ಆಮೇಲೆ ಕೊಡೋಣ ಎಂದು ಕಾಯಬಾರದು. ಜೊತೆಗೆ ಮಲಬದ್ಧತೆಗೆ ಔಷಧಿ ಬೇಕೇ ಬೇಕು. ಅದನ್ನು ಮರೆತರೆ, ನೋವು ಕಡಿಮೆಯಾದರೂ ಹೊಟ್ಟೆ ಕಟ್ಟಿಕೊಂಡು ರೋಗಿ "ಈ ಮಾತ್ರೆ ಬೇಡ" ಎಂದು ದೂರ ತಳ್ಳುತ್ತಾರೆ. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ ಕೆಲವೊಮ್ಮೆ ಒಂದೇ ಸಲದ ರೇಡಿಯೇಷನ್ ಸಾಕಾಗುತ್ತದೆ. ವಾಸಿಯಾಗದಿದ್ದ ಮೇಲೆ ಯಾಕೆ ಕರೆದೊಯ್ಯಬೇಕು ಎಂದು ಎಷ್ಟೋ ಮನೆಯವರು ಅದನ್ನು ಮಾಡಿಸುವುದೇ ಇಲ್ಲ.

ನೋವು ಮೈಗೆ ಮಾತ್ರ ಆಗುವುದಲ್ಲ ಎಂದು ಮೊದಲು ಗಟ್ಟಿಯಾಗಿ ಹೇಳಿದವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಅವರು ನರ್ಸ್ ಆಗಿದ್ದರು, ನಂತರ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು, ಆಮೇಲೆ ವೈದ್ಯಕೀಯ ಓದಿ ಡಾಕ್ಟರಾದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮ ಕಟ್ಟಿದರು. ಮೈಯ ನೋವು, ಮನಸ್ಸಿನ ಅಂಜಿಕೆ, ಮನೆಯ ಚಿಂತೆ, ದೇವರ ಮೇಲಿನ ಮುನಿಸು ಎಲ್ಲ ಕೂಡಿ ಒಂದೇ ನೋವು ಎಂಬುದು ಅವರ ತಿಳಿವಳಿಕೆ. ಇವತ್ತು ಪ್ಯಾಲಿಯೇಟಿವ್ ಕೇರ್, ಉಪಶಮನ ಆರೈಕೆ ಎಂದು ನಾವು ಕರೆಯುವುದು ಇದರ ಮೇಲೆ ನಿಂತಿದೆ. ಇದು ಸಾಯುವವರಿಗೆ ಮಾತ್ರ ಎಂದು ತಿಳಿದವರಿಗೆ ಒಂದು ಅಧ್ಯಯನದ ವಿಷಯ ಹೇಳುತ್ತೇನೆ. ಅಮೆರಿಕದ ಬಾಸ್ಟನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ ಮೊದಲಿನಿಂದಲೇ ಉಪಶಮನ ಆರೈಕೆ. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡನೆಯ ಗುಂಪಿನವರು ಕೊನೆಗಾಲದಲ್ಲಿ ಉಗ್ರ ಚಿಕಿತ್ಸೆಗಳನ್ನು ಕಡಿಮೆ ಪಡೆದಿದ್ದರು, ಮನಸ್ಸಿನಲ್ಲೂ ಹಗುರವಾಗಿದ್ದರು. ಹಾಗಿದ್ದೂ ಸರಾಸರಿಯ ಲೆಕ್ಕದಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಜಾಸ್ತಿ ಬದುಕಿದ್ದರು.

ನಮ್ಮ ಪಕ್ಕದ ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಉಪಶಮನ ಆರೈಕೆಯ ಕೆಲಸ ನೆರೆಹೊರೆಯವರನ್ನೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸುವಷ್ಟು ಬೆಳೆಯಿತು. ಬೆಂಗಳೂರಿನ ಮಾರತ್ತಹಳ್ಳಿಯ ಬಳಿ 1999ರಿಂದ ಕರುಣಾಶ್ರಯ ಇದೆ. ವಾಸಿಯಾಗದ ಹಂತಕ್ಕೆ ಬಂದ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುತ್ತದೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ತಂಡ ಮನೆಗೇ ಬಂದು ಆರೈಕೆ ಮಾಡುತ್ತದೆ. ಇಂಥವರನ್ನು ಕಡೆಯ ವಾರದಲ್ಲಿ ಅಲ್ಲ, ಕಾಯಿಲೆ ಗೊತ್ತಾದ ತಿಂಗಳಲ್ಲೇ ವಿಚಾರಿಸಿ.

ಆಸ್ಪತ್ರೆಯಿಂದ "ನಮ್ಮ ಸ್ವಂತ ಜವಾಬ್ದಾರಿಯ ಮೇಲೆ" ಎಂದು ಬರೆದುಕೊಟ್ಟು ಮನೆಗೆ ಕರೆತರುವ ಪದ್ಧತಿ ನಮ್ಮಲ್ಲಿ ಬಹಳ. ದುಡ್ಡು ಮುಗಿದಿರುತ್ತದೆ, ಇಲ್ಲವೇ ಮನೆಯಲ್ಲಿ ಪ್ರಾಣ ಹೋಗಲಿ ಎಂಬ ಆಸೆ ಇರುತ್ತದೆ. ಮನೆಗೆ ತರುವುದರಲ್ಲಿ ತಪ್ಪಿಲ್ಲ. ಬರಿಗೈಯಲ್ಲಿ ತರುವುದರಲ್ಲಿ ತಪ್ಪಿದೆ. ನಳಿಕೆಗಳನ್ನೆಲ್ಲ ಕಳಚಿ, ನೋವಿನ ಮದ್ದಿನ ಚೀಟಿಯೂ ಇಲ್ಲದೆ, ಉಸಿರಾಟ ಏರುಪೇರಾದರೆ ಯಾರಿಗೆ ಫೋನ್ ಮಾಡಬೇಕೆಂದೂ ತಿಳಿಯದೆ ನಡುಮನೆಯಲ್ಲಿ ಮಲಗಿಸಿದರೆ, ಆ ಎರಡು ರಾತ್ರಿಗಳನ್ನು ಮನೆಯವರು ಬದುಕಿರುವವರೆಗೆ ಮರೆಯುವುದಿಲ್ಲ. ಸಹಿ ಹಾಕುವ ಮುಂಚೆ ಡಾಕ್ಟರನ್ನು ಕೇಳಿ: ನೋವಿಗೆ, ಉಸಿರುಕಟ್ಟುವುದಕ್ಕೆ, ವಾಂತಿಗೆ, ಗಾಬರಿಗೆ ಏನು ಕೊಡಬೇಕು, ಬಾಯಲ್ಲಿ ನುಂಗಲಾಗದಿದ್ದಾಗ ಹೇಗೆ ಕೊಡಬೇಕು. ಬರೆಸಿಕೊಂಡೇ ಬನ್ನಿ.

ಮನೆಯಲ್ಲಿ ಮಾಡುವ ಕೆಲಸ ದೊಡ್ಡ ವಿದ್ಯೆಯಲ್ಲ. ಹಾಸಿಗೆಯನ್ನು ಒಳಕೋಣೆಗೆ ತಳ್ಳದೆ ನಡುಮನೆಯಲ್ಲಿ, ಬೀದಿ ಕಾಣುವ ಹಾಗೆ ಹಾಕಿ. ನಮ್ಮ ಕಡೆ ನೂರೊಂದು ಗಣಪತಿ ಗುಡಿಯ ಗಂಟೆ ಕೇಳಿಸುವ ಮನೆಯವರು ಕಿಟಕಿ ತೆರೆದಿಡಲು ಹೇಳುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ; ಹಿಮ್ಮಡಿ, ಸೊಂಟದ ಕೆಳಗೆ ಚರ್ಮ ಕೆಂಪಾಗಿದೆಯೇ ಎಂದು ದಿನಾ ನೋಡಿ, ಹುಣ್ಣಾದ ಮೇಲೆ ನೋಡಿ ಫಲವಿಲ್ಲ. ಉಸಿರಾಡಲು ಕಷ್ಟವಾದಾಗ ತಲೆಯ ಕಡೆ ಎತ್ತರಿಸಿ, ಮುಖಕ್ಕೆ ನೇರವಾಗಿ ಟೇಬಲ್ ಫ್ಯಾನ್ ಬಿಡಿ. ಈ ಸಣ್ಣ ಉಪಾಯ ಎಷ್ಟು ಸಮಾಧಾನ ಕೊಡುತ್ತದೆಂದು ನೋಡಿಯೇ ನಂಬಬೇಕು. ತುಟಿ ಒಣಗಿದರೆ ಒದ್ದೆ ಹತ್ತಿಯಿಂದ ಒರೆಸಿ ಬೆಣ್ಣೆ ಸವರಿ. ಆಕ್ಸಿಜನ್ ಹಾಕಿದ್ದರೆ ಮಾತ್ರ ಜಿಡ್ಡು ಬೇಡ.

ಊಟದ ವಿಷಯ ಬಂದಾಗ ಮನೆಯವರ ಕರುಳು ಕಿತ್ತುಬರುತ್ತದೆ. ಉಪವಾಸ ಕಳಿಸಿದೆವು ಎಂಬ ಮಾತು ನಮ್ಮಲ್ಲಿ ಬಲು ದೊಡ್ಡ ಶಾಪ. ಅದಕ್ಕೆ ಹೆದರಿ, ಬೇಡ ಎಂದು ತಲೆ ಅಲ್ಲಾಡಿಸುತ್ತಿರುವವರ ಬಾಯಿಗೆ ಗಂಜಿ ಹುಯ್ಯುತ್ತಾರೆ, ಮೂಗಿನಿಂದ ನಳಿಕೆ ಹಾಕಿಸುತ್ತಾರೆ. ಕಡೆಯ ದಿನಗಳಲ್ಲಿ ದೇಹಕ್ಕೆ ಹಸಿವು ತಾನಾಗಿ ಹೋಗುತ್ತದೆ. ಉಣ್ಣದೇ ಇದ್ದದ್ದರಿಂದ ಅವರು ಹೋಗುತ್ತಿರುವುದಲ್ಲ, ಹೋಗುತ್ತಿರುವುದರಿಂದ ಉಣ್ಣಲಾಗುತ್ತಿಲ್ಲ. ಒತ್ತಾಯದಿಂದ ಹಾಕಿದ್ದು ಶ್ವಾಸಕೋಶಕ್ಕೆ ಇಳಿದು ಇನ್ನಷ್ಟು ಸಂಕಟವಾಗುತ್ತದೆ. ಎಚ್ಚರವಿದ್ದು ಬಾಯಿ ತೆರೆದಾಗ ಒಂದು ಚಮಚ ಕಾಫಿ ಕೊಡಿ. ಮೈಸೂರಿನವರಿಗೆ ಆ ಚಮಚ ಕಾಫಿ ಕೊಟ್ಟಾಗ ಮುಖ ಅರಳುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಈಗ ಕಾನೂನಿಗೆ ಬರುತ್ತೇನೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಮುಂದೆ ನನಗೆ ಮಾತಾಡುವ ಶಕ್ತಿ ಇಲ್ಲದಾದಾಗ ಇಂಥ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರವನ್ನೂ ಮಾನ್ಯ ಮಾಡಿತು. ಜನ ಇದನ್ನು ಲಿವಿಂಗ್ ವಿಲ್ ಅನ್ನುತ್ತಾರೆ. ಆದರೆ ಆಗ ಹೇಳಿದ ವಿಧಾನದಲ್ಲಿ ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿತ್ತು. ಯಾರ ಕೈಗೂ ಎಟುಕುವಂತಿರಲಿಲ್ಲ. 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಿಮ್ಮ ಪರವಾಗಿ ಮಾತಾಡಬೇಕಾದವರ ಹೆಸರು ಅದರಲ್ಲಿರಬೇಕು, ಒಬ್ಬರಿಗಿಂತ ಹೆಚ್ಚು ಮಂದಿಯನ್ನೂ ಹೆಸರಿಸಬಹುದು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು.

ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಈ ತೀರ್ಪನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ದೇಶದಲ್ಲಿ ಈ ಹೆಜ್ಜೆ ಇಟ್ಟ ಮೊದಲ ರಾಜ್ಯಗಳ ಸಾಲಿನಲ್ಲಿ ನಮ್ಮದಿದೆ. ರೋಗಿ ಚೇತರಿಸಿಕೊಳ್ಳುವ ಭರವಸೆ ಇಲ್ಲದೆ ಯಂತ್ರಗಳ ಮೇಲೆ ಮಾತ್ರ ಇದ್ದಾಗ, ಆಸ್ಪತ್ರೆಯಲ್ಲಿ ಮೂವರು ವೈದ್ಯರ ಮೊದಲ ಮಂಡಳಿ ನೋಡುತ್ತದೆ. ಆಮೇಲೆ ಇನ್ನೊಂದು ಮೂವರ ಮಂಡಳಿ ಪ್ರತ್ಯೇಕವಾಗಿ ನೋಡುತ್ತದೆ. ಅದರಲ್ಲಿ ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದವರು. ಎರಡೂ ಒಪ್ಪಿ, ಮನೆಯವರೂ ಒಪ್ಪಿದರೆ, ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಚಿಕಿತ್ಸೆ ಹಿಂತೆಗೆಯಬಹುದು. ಪತ್ರ ಬರೆದಿಡದವರ ವಿಷಯದಲ್ಲೂ ಮನೆಯವರ ಒಪ್ಪಿಗೆಯಿಂದ ಇದೇ ದಾರಿ ಇದೆ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಇದಲ್ಲ, ಅದು ನಮ್ಮ ದೇಶದಲ್ಲಿ ಅಪರಾಧವೇ. ಯಂತ್ರ ತೆಗೆದ ಮೇಲೂ ನೋವಿನ ಮದ್ದು, ಆರೈಕೆ ನಿಲ್ಲಬಾರದು. ಈ ಆದೇಶ ಬಂದ ದಿನಗಳಲ್ಲಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರು ಪತ್ರಿಕೆಗಳಲ್ಲಿ ಬಂತು. ಘನತೆಯ ಸಾವಿನ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಸರ್ಕಾರಗಳಿಗೆ, ನ್ಯಾಯಾಲಯಗಳಿಗೆ ಬರೆಯುತ್ತಾ ಬಂದವರು ಅವರು. ಎಂಬತ್ತೈದರ ವಯಸ್ಸಿನಲ್ಲಿ, ಮೈಯಲ್ಲಿ ಕಾಯಿಲೆ ಇಟ್ಟುಕೊಂಡು ಅಷ್ಟು ಹಟ ಹಿಡಿದ ಆ ತಾಯಿಗೆ ನಾನು ತಲೆಬಾಗುತ್ತೇನೆ.

ಮೊದಲೇ ಬರೆದಿಡುವ ಈ ಪತ್ರ "ಬೇಡ" ಅನ್ನುವುದಕ್ಕೆ ಮಾತ್ರ ಎಂದು ಭಾವಿಸಬೇಡಿ. ಬೇಕು ಅನ್ನುವುದನ್ನೂ ಬರೆಯಬಹುದು. ಡಯಾಲಿಸಿಸ್ ಇಷ್ಟು ದಿನ ನೋಡೋಣ, ಗುಣ ಕಾಣದಿದ್ದರೆ ನಿಲ್ಲಿಸಿ; ಹೃದಯ ನಿಂತರೆ ಎದೆ ಒತ್ತುವುದು ಬೇಡ; ನೋವು ಇಳಿಸಲು ಏನು ಬೇಕಾದರೂ ಮಾಡಿ; ಆದಷ್ಟು ಮನೆಯಲ್ಲೇ ಇಟ್ಟುಕೊಳ್ಳಿ. ಹೀಗೆ ಬರೆದಿದ್ದರೆ ಮಗಳು ಐ.ಸಿ.ಯು. ಹೊರಗೆ ನಿಂತು ತೀರ್ಮಾನ ಮಾಡಬೇಕಾದಾಗ ಅದು ಅವಳ ತೀರ್ಮಾನವಾಗುವುದಿಲ್ಲ, ಅಮ್ಮ ಹೇಳಿದ್ದನ್ನು ಅವಳು ನಡೆಸಿಕೊಟ್ಟಂತಾಗುತ್ತದೆ. ಮುಂದೆ ವರ್ಷಗಟ್ಟಲೆ ಅವಳನ್ನು ಕಾಡಬಹುದಾದ ಪ್ರಶ್ನೆಯಿಂದ ಅಮ್ಮನೇ ಅವಳನ್ನು ಬಿಡಿಸಿರುತ್ತಾಳೆ.

ಅಗ್ರಹಾರದವರಿಗೆ ಕೋರ್ಟು ದೂರವೇನಲ್ಲ; ಚಾಮರಾಜಪುರದ ಕಡೆ ನಡೆದರೆ ನೋಟರಿಗಳು ಸಿಗುತ್ತಾರೆ. ಅಲ್ಲಿಗೆ ಹೋಗುವ ಮೊದಲು ನಿಮ್ಮನ್ನು ಬಹಳ ಕಾಲದಿಂದ ನೋಡುತ್ತಿರುವ ಡಾಕ್ಟರ ಹತ್ತಿರ ಒಂದು ಸಲ ಕೂತು, ನಿಮಗಿರುವ ಕಾಯಿಲೆ ಮುಂದೆ ಯಾವ ಯಾವ ದಾರಿ ಹಿಡಿಯಬಹುದು ಎಂದು ಕೇಳಿಕೊಳ್ಳಿ. ಬರೆದಾದ ಮೇಲೆ ಬೀರುವಿನ ಒಳಗೆ ಚಿನ್ನದ ಜೊತೆ ಬೀಗ ಹಾಕಿಡಬೇಡಿ. ಒಂದು ಪ್ರತಿ ಡಾಕ್ಟರಿಗೆ, ಒಂದು ಪ್ರತಿ ನೀವು ಹೆಸರಿಸಿದವರಿಗೆ ಕೊಡಿ, ದೂರದಲ್ಲಿರುವ ಮಕ್ಕಳಿಗೆ ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸಿ. ಕಳಿಸಿದ ಮೇಲೆ ಅವರಿಗೆ ಫೋನ್ ಮಾಡಿ, ಓದಿದ್ದೀರಾ ಎಂದು ಕೇಳಿ. ಅವರು ಅಳಬಹುದು, ಈಗ ಯಾಕೆ ಇದೆಲ್ಲ ಎಂದು ರೇಗಬಹುದು. ಆ ಮಾತುಕತೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮುಂದಿನ ಭಾನುವಾರ ಮತ್ತೆ ಮಾತಾಡಿ.